‘ಕಂಪ್ಯೂಟರ್ ತಗೋವಲ್ದು’ ಎಂಬ ಉತ್ತರ ಸಾಲದು

ಸೋಲಾಪುರಿ ಚಾದರ ನೇಯುವ ಹಳೆಯ ಜಕಾರ್ಡ್ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಸರವೊಂದು ತೂಗುತ್ತಿರುತ್ತದೆ. ಕಾರ್ಡಿನಲ್ಲಿ ತೂತಿದ್ದಲ್ಲಿ ಸೂಜಿ ಒಳಹೋಗಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಕಾರ್ಡು. ನಕ್ಷೆ ಬದಲಾಗಬೇಕಾದರೆ ಕಾರ್ಡು ಬದಲಿಸಿದರೆ ಸಾಕು, ಮಗ್ಗ ಅದೇ ಇರುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಏರ್ಪಾಡನ್ನು ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ವಿನ್ಯಾಸಕ್ಕೆ ತೆಗೆದುಕೊಂಡ. ಅಮೆರಿಕದ 1890ರ ಜನಗಣತಿಯ ಎಣಿಕೆ ನಡೆದದ್ದೂ ಹರ್ಮನ್ ಹಾಲರಿತ್ ರೂಪಿಸಿದ ತೂತಿನ ಕಾರ್ಡುಗಳಿಂದಲೇ. ಗಣಕ ವಿಜ್ಞಾನದ ಸಾಧನೆಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ: ಯಂತ್ರ ಒಂದೇ, ಅದು ಏನು ಮಾಡಬೇಕೆಂಬ ಆದೇಶ ಮಾತ್ರ ಮನುಷ್ಯರ ಕೈಯಲ್ಲಿ.

ಹಾಗಿದ್ದ ಮೇಲೆ, ಸೋಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಂಥ ಕಡೆ ದುಡಿಯುವ ಅಕ್ಕಲಕೋಟೆ ಸೀಮೆಯ ಕನ್ನಡದ ಕಾರ್ಮಿಕ ತನ್ನದೇ ಭವಿಷ್ಯ ನಿಧಿಯ (ಪಿಎಫ್) ಹಣ ಕೇಳಿದಾಗ, ದಾಖಲೆಗಳಲ್ಲಿ ಹೆಸರು ಹೊಂದದ ಕಾರಣಕ್ಕೆ ಬರುವ ‘ಕಂಪ್ಯೂಟರ್ ತಗೋವಲ್ದು’ ಎಂಬ ಉತ್ತರವನ್ನು ನಾವು ಒಪ್ಪಬೇಕಾಗಿಲ್ಲ. ಸಿದ್ಧರಾಮೇಶ್ವರರ ಊರಾದ ಸೋಲಾಪುರದ ಸುತ್ತ ಸಿದ್ಧರಾಮ ಎಂಬ ಹೆಸರಿಗೆ ಬರವಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಕರೆಯುವ ಈ ಹೆಸರನ್ನು ಶಾಲೆಯವರು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ, ಕಾರ್ಖಾನೆಯ ಗುಮಾಸ್ತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾನೆ. ಕೊನೆಗೆ ಆಧಾರ್‌ನಲ್ಲಿ ಸಿದ್ಧರಾಮ, ಹಾಜರಿಯಲ್ಲಿ ಸಿದ್ರಾಮ, ಬ್ಯಾಂಕಿನಲ್ಲಿ ಸಿದ್ರಾಮಪ್ಪ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ಇವರು ಮೂವರು. ಆದರೆ ಹಾಗೆಯೇ ಹೊಂದಿಸಿ ನೋಡು ಎಂದು ಹೇಳಿಕೊಟ್ಟವರು ಯಾರು? ಉಚ್ಚಾರಣೆಯಲ್ಲಿ ಹತ್ತಿರವಿರುವ ಹೆಸರುಗಳನ್ನು ಒಂದೆಡೆ ಸೇರಿಸುವ ಸೌಂಡೆಕ್ಸ್ ವಿಧಾನಕ್ಕೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಎರಡು ಪದಗಳ ನಡುವೆ ಎಷ್ಟು ಅಕ್ಷರಗಳ ಅಂತರವಿದೆ ಎಂದು ಅಳೆಯುವ ದಾರಿಯನ್ನು ರಷ್ಯಾದ ಲೆವೆನ್‌ಶ್ಟೈನ್ 1965ರಲ್ಲಿ ತೋರಿಸಿದ. ಮೊಬೈಲಿನಲ್ಲಿ ತಪ್ಪು ಟೈಪ್ ಮಾಡಿದರೂ ಸರಿಯಾದ ಪದ ಮೂಡುವುದು ಇಂಥ ಲೆಕ್ಕಗಳ ಬಲದಿಂದಲೇ.

ಹೀಗೆ ಸಡಿಲ ಬಿಟ್ಟರೆ ಒಬ್ಬರ ಹಣ ಇನ್ನೊಬ್ಬರ ಪಾಲಾಗುವುದಿಲ್ಲವೇ ಎಂದು ಕೇಳಬಹುದು. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಹೆಸರು ಹತ್ತಿರವಿದೆ ಎಂದ ಮಾತ್ರಕ್ಕೆ ಹಣ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಅಂಥ ಅರ್ಜಿಯನ್ನು ತಿರಸ್ಕರಿಸದೆ ಒಬ್ಬ ಅಧಿಕಾರಿಯ ಮುಂದಿಡಲಿ, ಬೆರಳಚ್ಚು, ಹುಟ್ಟಿದ ದಿನ, ಖಾತೆ ನೋಡಿ ಅವರು ತೀರ್ಮಾನಿಸಲಿ. ನಿಯಮ ಬದಲಾದರೆ ಯಂತ್ರವೂ ಮಾತು ಕೇಳುತ್ತದೆ ಎಂಬುದಕ್ಕೆ ಭವಿಷ್ಯ ನಿಧಿ ಸಂಸ್ಥೆಯೇ ಸಾಕ್ಷಿ. 2025ರ ಜನವರಿಯಲ್ಲಿ ಅದು, 2017ರ ಅಕ್ಟೋಬರ್ 1ರಂದು ಅಥವಾ ಆ ನಂತರ ಆಧಾರ್ ಮೂಲಕ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪಡೆದವರು ಹೆಸರು, ಜನ್ಮದಿನಾಂಕಗಳನ್ನು ತಾವೇ ತಿದ್ದಿಕೊಳ್ಳಲು ಬಿಟ್ಟಿತು. ಆ ನಿಯಮದ ಪ್ರಕಾರ, 2017ರ ಆ ದಿನಕ್ಕೂ ಮೊದಲು ಯುಎಎನ್ ಪಡೆದವರು ಮಾತ್ರ ಮಾಲೀಕರ ಒಪ್ಪಿಗೆಗೆ ಕಾಯಬೇಕು. ಮಿಲ್ಲು ಮುಚ್ಚಿ ಮಾಲೀಕನೇ ಇಲ್ಲವಾದರೆ ವಯಸ್ಸಾದ ಕಾರ್ಮಿಕನ ಪಾಡೇನು? ಹೆಚ್ಚು ವರ್ಷ ದುಡಿದವನಿಗೇ ಹೆಚ್ಚು ತೊಡಕು, ಇದು ಅನ್ಯಾಯ.

ಭಾಷೆಯ ವಿಷಯವೂ ಅಷ್ಟೇ, ಅರ್ಜಿ ಏಕೆ ನಿಂತಿತೆಂದು ಕನ್ನಡದಲ್ಲಿ ಹೇಳಲು ಯಂತ್ರಕ್ಕೆ ಅಡ್ಡಿಯಿಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್ 2025ರ ಜನವರಿಯಿಂದ 22 ಭಾಷೆಗಳಲ್ಲಿದೆ, ಕನ್ನಡ ಅದಕ್ಕೂ ಮೊದಲೇ ಅಲ್ಲಿತ್ತು. ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ, ಅಲ್ಲಿ ಕನ್ನಡವೇಕೆ ಎಂಬುವರಿಗೆ ಒಂದು ಮಾತು: ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಗಳನ್ನು ನಡೆಸುವುದು ಇದೇ ಮಹಾರಾಷ್ಟ್ರದ ಸರ್ಕಾರ. ಮರಾಠಿಯ ಜೊತೆಗೆ ಕನ್ನಡವೂ ಕಂಡರೆ ಮರಾಠಿಗೆ ಯಾವ ಕೊರತೆಯೂ ಆಗದು, ಇದಕ್ಕೂ ಗಡಿ ತಗಾದೆಗೂ ಸಂಬಂಧವಿಲ್ಲ. ಯಂತ್ರಾನುವಾದ ತಪ್ಪುತ್ತದೆ, ನಿಜ. ಆದರೆ ಪಿಎಫ್ ಅರ್ಜಿ ತಿರಸ್ಕರಿಸುವ ಕಾರಣಗಳು ಅವವೇ ಮತ್ತೆ ಮತ್ತೆ ಬರುವಂಥವು. ಕನ್ನಡ ಬಲ್ಲವರೊಬ್ಬರು ಕೂತು ಒಮ್ಮೆ ತಿದ್ದಿಟ್ಟರೆ ಆಯಿತು.

ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಕಡೆ ಕಾರ್ಡಿಗೆ ತೂತು ಹೊಡೆಯುವವರ ಕೆಲಸ ಹೋಗಿದೆ. ಆ ನಷ್ಟವನ್ನು ಹೊತ್ತವರು ಕಾರ್ಮಿಕರು, ಲಾಭದ ಲೆಕ್ಕ ಬೇರೆಯವರ ಪುಸ್ತಕದಲ್ಲಿದೆ. ಅದಕ್ಕಾಗಿಯೇ ಈ ವಿಜ್ಞಾನದಿಂದ ಅವರಿಗೆ ಬರಬೇಕಾದ ಅನುಕೂಲವನ್ನಾದರೂ ತಡೆಯಬಾರದು. ಪಿಎಫ್ ಕಚೇರಿಯೂ ಚಿಂಚೋಳಿಯ ಕಾರ್ಖಾನೆಗಳೂ ಎರಡು ಕೆಲಸ ಮಾಡಲಿ: ಅರ್ಜಿ ಏಕೆ ನಿಂತಿತೆಂದು ಕನ್ನಡದಲ್ಲೂ ತಿಳಿಸಲಿ, 2017ರ ಅಕ್ಟೋಬರ್‌ಗೂ ಹಿಂದಿನ ಹೆಸರುಗಳನ್ನು ಶಿಬಿರ ನಡೆಸಿ ತಿದ್ದಿಕೊಡಲಿ.