ಫ್ಯಾಂಟಮ್ ಬರೆದರೆ ಅದ್ರಲ್ಲಿ ನಂದೇನಿದೆ?

ಮೊನ್ನೆ ಭಾನುವಾರ ಕಲ್ಯಾಣ ನಗರದ ನಮ್ಮ ಮನೆ ಬಾಲ್ಕನಿಯಲ್ಲಿ ಕೂತು ಫ್ಯಾಂಟಮ್‌ಗೆ ನೇರಳೆ ಬಣ್ಣ ಹಚ್ಚುತ್ತಿದ್ದೆ. ಊರಿಂದ ಬಂದಿದ್ದ ದೊಡ್ಡಪ್ಪ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಕೈ ಚೆನ್ನಾಗಿದೆ ಕಣೋ. ಆದ್ರೆ ಯಾರೋ ಬರ್ದಿದ್ದನ್ನ ನೋಡ್ಕೊಂಡು ಬರೀತೀಯಲ್ಲ, ಇದ್ರಲ್ಲಿ ನಿಂದೇನಿದೆ? ಒಂದು ಗಣಪತಿನಾದ್ರೂ ಬರೀಬಾರ್ದಾ?" ಅಂದರು.

ಆಗ ಸುಮ್ಮನಿದ್ದೆ. ಆಮೇಲೆ ಹೊಳೀತು, ಗಣಪತಿ ಮಾತ್ರ ನಂದಾ? ಅದನ್ನೂ ಕ್ಯಾಲೆಂಡರ್ ನೋಡಿಯೇ ತಾನೆ ಬರೆಯೋದು! ಸೊಂಡಿಲು, ಹೊಟ್ಟೆ, ಮೋದಕ, ಇಲಿ ಎಲ್ಲಾ ಮೊದಲೇ ಗೊತ್ತುಮಾಡಿದ್ದು. ಫ್ಯಾಂಟಮ್‌ಗೂ ಹಾಗೇ ಲಕ್ಷಣಗಳಿವೆ. ಮುಖವಾಡದೊಳಗೆ ಕಣ್ಣುಗುಡ್ಡೆ ಕಾಣಬಾರದು. ತಲೆಬುರುಡೆ ಉಂಗುರ ಬಲಗೈಯಲ್ಲಿ, ರಕ್ಷಣೆಯ ಗುರುತಿನದು ಎಡಗೈಯಲ್ಲಿ. ಬಿಳಿ ಕುದುರೆ ಹೀರೋ, ತೋಳ ಡೆವಿಲ್. ಇಷ್ಟು ಬಿಟ್ಟರೆ ಬೆಳಕು ಎಲ್ಲಿಂದ ಬೀಳಬೇಕು, ಕಾಡು ಎಷ್ಟು ಕತ್ತಲಿರಬೇಕು ಅನ್ನೋದೆಲ್ಲ ಬರೆಯೋನಿಗೆ ಬಿಟ್ಟಿದ್ದು.

ಬಣ್ಣದ್ದೇ ದೊಡ್ಡ ಕಥೆ. 1936ರಲ್ಲಿ ಲೀ ಫಾಕ್ ಶುರು ಮಾಡಿದ, ರೇ ಮೂರ್ ಚಿತ್ರ ಬರೆದ ದಿನಪತ್ರಿಕೆಯ ಪಟ್ಟಿ ಕಪ್ಪು ಬಿಳುಪಿನದು. ಫಾಕ್ ಮನಸ್ಸಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅದು ನೇರಳೆ ಆಗಿತ್ತು. ಸ್ವೀಡನ್ನಿನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು! ಹಾಗಾದ್ರೆ ಯಾವುದನ್ನು 'ಅಸಲಿ' ಅನ್ನೋದು? (ಕಾಡಲ್ಲಿ ಅಡಗೋನಿಗೆ ನೇರಳೆ ಬಟ್ಟೆ ಯಾಕೆ ಅಂತ ಮಾತ್ರ ಕೇಳಬೇಡಿ.) ಆ ನೇರಳೆಯ ನೆರಳಿಗೆ ಕಪ್ಪು ಸೇರಿಸಿದರೆ ಕೆಸರಾಗುತ್ತೆ, ನೀಲಿಯನ್ನೇ ಗಾಢ ಮಾಡಬೇಕು. ಎರಡು ಕ್ಯಾನ್ವಾಸ್ ಹಾಳು ಮಾಡಿ ಕಲಿತದ್ದು ಇದು. ಸ್ವಂತ ಕಲ್ಪನೆಯ ಸೂರ್ಯಾಸ್ತ ಬರೆಯುತ್ತಾ ಕೂತಿದ್ದರೆ ಕಲೀತಿರಲಿಲ್ಲ, ಯಾಕಂದ್ರೆ ಅಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸೋಕೆ ಪಕ್ಕದಲ್ಲಿ ಇನ್ನೊಂದು ಚಿತ್ರ ಇರಲ್ಲ.

ಆದರೂ ದೊಡ್ಡಪ್ಪನ ಮಾತು ಚುಚ್ಚಿತು. ಕಾರಣ ಬೇರೆ ಇದೆ, ಹೇಳಿಬಿಡ್ತೀನಿ.

ಹಿಂದಿನ ತಿಂಗಳು ಒಂದು ಹಳೇ ಇಂದ್ರಜಾಲ ಕಾಮಿಕ್ಸ್‌ನ ಮುಖಪುಟ ನೋಡಿ ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. "ಸೂಪರ್ ಸರ್, ಏನ್ ಕಲ್ಪನೆ!" ಅಂತ ಒಬ್ಬರು ಬರೆದರು. ನಾನು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದೆ. ಆ ಕಲ್ಪನೆ ನಂದಲ್ಲ, ಬಿ. ಗೋವಿಂದ್ ಅವರದು. 1964ರ ಮಾರ್ಚ್‌ನಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾದವರು ಎಂಟುನೂರಕ್ಕೂ ಹೆಚ್ಚು ಇಂದ್ರಜಾಲ ಸಂಚಿಕೆ ತಂದರು, ಕನ್ನಡದಲ್ಲೂ ಬರುತ್ತಿತ್ತು. ಅದರ ಎಷ್ಟೋ ಮುಖಪುಟಗಳು ಗೋವಿಂದ್ ಅವರ ಕುಂಚದವು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ಬಹದ್ದೂರ್‌ಗೆ ರೂಪ ಕೊಟ್ಟವರೂ ಅವರೇ. ಲೀ ಫಾಕ್ ಹೆಸರು ನಮಗೆಲ್ಲ ಬಾಯಿಪಾಠ. ನಮ್ಮವರೇ ಆದ ಗೋವಿಂದ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ಪ್ರಕಾರ ನೋಡಿ ಬರೆಯೋದು ಕಳ್ಳತನ ಅಲ್ಲ. ನೋಡಿದ್ದನ್ನ ಮುಚ್ಚಿಡೋದು ಕಳ್ಳತನ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೂಡ ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತೆ. ಅದನ್ನೇ ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಕಮ್ಮನಹಳ್ಳಿ ಮೇನ್ ರೋಡಲ್ಲಿ ಮಾರೋದು ಬೇರೆ ವಿಷಯ, ಅಲ್ಲಿ ಅಮೆರಿಕದ ಕಿಂಗ್ ಫೀಚರ್ಸ್‌ನವರ ಹಕ್ಕಿನ ಪ್ರಶ್ನೆ ಬರುತ್ತೆ.

2025ರ ಮಾರ್ಚಲ್ಲಿ ಎಲ್ಲರೂ ತಮ್ಮ ಫೋಟೋಗಳನ್ನ ಎಐಗೆ ಕೊಟ್ಟು ಜಪಾನಿನ ಘಿಬ್ಲಿ ಶೈಲಿಯ ಚಿತ್ರ ಮಾಡಿಸಿಕೊಂಡರಲ್ಲ, ಆಗ ಗೆಳೆಯನೊಬ್ಬ "ನೀನ್ಯಾಕೆ ಮೂರು ವಾರ ಒದ್ದಾಡ್ತೀಯ, ನಿನ್ನ ಫ್ಯಾಂಟಮ್ ಅರ್ಧ ನಿಮಿಷಕ್ಕೆ ಬರ್ತಾನೆ" ಅಂದ. ಬರ್ತಾನೆ, ನಿಜ. ಆದ್ರೆ ಆ ಮೂರು ವಾರ ಗೋವಿಂದ್ ಮಂಡಿಯನ್ನ ಹೇಗೆ ಮಡಿಸಿದ್ದಾರೆ, ಕುದುರೆಯ ಕುತ್ತಿಗೆಯನ್ನ ಎಲ್ಲಿ ತಿರುಗಿಸಿದ್ದಾರೆ ಅಂತ ನೋಡುತ್ತಾ ಕೂತೆನಲ್ಲ, ಅದನ್ನ ಬಿಟ್ಟುಕೊಡೋಕೆ ನಾನು ತಯಾರಿಲ್ಲ ಸ್ವಾಮಿ.

ಸ್ಟೇಟಸ್ ಅಂತೂ ಯಾವತ್ತೋ ಅಳಿಸಿಹೋಗಿದೆ. ಆ ಮೆಚ್ಚಿದವರಿಗೆ ನಿನ್ನೆ ಫೋನ್ ಮಾಡಿ ವಿಷಯ ಹೇಳಿದೆ. ಚಿತ್ರದ ಕೆಳಗೂ ಸಣ್ಣ ಅಕ್ಷರದಲ್ಲಿ "ಬಿ. ಗೋವಿಂದ್ ಅವರ ಮುಖಪುಟ ನೋಡಿ ಬರೆದದ್ದು" ಅಂತ ಸೇರಿಸಿದ್ದೀನಿ.

ಅಂದ ಹಾಗೆ, ದೊಡ್ಡಪ್ಪನಿಗೆ ಗಣಪತಿ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡಿದ್ದೀನಿ. ಒಂದೊಳ್ಳೆ ಕ್ಯಾಲೆಂಡರ್ ಹುಡುಕಬೇಕು :-)