ಸೋಸುಬಟ್ಟೆಗೆ ಸಿಕ್ಕದ ಹಿಂಸೆ

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಕುರುಹು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿ ಇಳಿಸಬೇಕೆಂಬ ನಮ್ಮ ಆಚಾರದ ಬಗೆಗೆ ನಾವೆಲ್ಲರೂ ಹೆಮ್ಮೆಪಡುತ್ತೇವೆ. ಆದರೆ ಆ ಬಾವಿಗೆ ನಮ್ಮ ವ್ಯಾಪಾರದಿಂದಲೇ ಇಳಿಯುವ ವಿಷದ ಮಾತೆತ್ತಿದರೆ, "ಅದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ" ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಈ ಸಮಾಧಾನವನ್ನು ನಾನು ಒಪ್ಪಲಾರೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ನಗರದ ದೃಷ್ಟಾಂತ ಇಲ್ಲಿ ವಿಚಾರಣೀಯ. ಪೆಟ್ರೋಲು ಚೆನ್ನಾಗಿ ಉರಿದು ಗಾಳಿ ಶುದ್ಧವಾಗಲೆಂದು ಅಲ್ಲಿ ಎಂಟಿಬಿಇ ಎಂಬ ದ್ರವವನ್ನು ಬೆರೆಸುತ್ತಿದ್ದರು. ಉದ್ದೇಶವೇನೋ ಒಳ್ಳೆಯದೇ! ಆದರೆ ನೆಲದಡಿಯ ಟ್ಯಾಂಕುಗಳು ಸೋರಿದವು. ಈ ದ್ರವವು ನೀರಿನಲ್ಲಿ ಸುಲಭವಾಗಿ ಕರಗಿ, ಮಣ್ಣಿಗೆ ಅಂಟದೆ, ಅಂತರ್ಜಲದೊಡನೆ ದೂರ ಸಾಗುತ್ತದೆ. 1996ರಲ್ಲಿ ನಗರವು ತನ್ನ ಬಾವಿಗಳನ್ನು ಮುಚ್ಚಬೇಕಾಗಿ ಬಂದು, ಸುಮಾರು ಅರ್ಧದಷ್ಟು ನೀರನ್ನು ಕಳೆದುಕೊಂಡಿತು. ರುಚಿ-ವಾಸನೆ ಕೆಡದಿರಲು ಲೀಟರಿಗೆ 5 ಮೈಕ್ರೋಗ್ರಾಂ ಎಂಬುದು ಆ ರಾಜ್ಯ ಇಟ್ಟ ಮಿತಿ. ವ್ಯಾಪಾರಿಗಳಾದ ನಾವು ಲೆಕ್ಕ ಹಾಕೋಣ: ಎರಡು ಲಕ್ಷ ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಲು ಒಂದು ಗ್ರಾಂ ಸಾಕು.

ಬೆರೆತದ್ದನ್ನು ಬೇರ್ಪಡಿಸುವುದು ಸುಲಭವೇ? ನೀರಿನೊಳಗೆ ಗಾಳಿ ಹಾಯಿಸಿದರೆ ಅದು ಸುಲಭವಾಗಿ ಬಿಟ್ಟುಹೋಗದು; ಹೋದಷ್ಟೂ ಗಾಳಿಗೆ ಸೇರುತ್ತದೆ. ಇದ್ದಿಲು ಅದನ್ನು ಹಿಡಿದರೂ ಬೇಗ ತುಂಬಿ ಬದಲಿಸಬೇಕಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡು ಬೆರೆಸಿ ನೇರಳಾತೀತ ಕಿರಣ ಹಾಯಿಸಿ ಒಡೆಯಬಹುದು. ಅದಕ್ಕೂ ಅಪಾರ ವೆಚ್ಚ. ಮೊಕದ್ದಮೆ ನಡೆದು ಎಣ್ಣೆ ಕಂಪನಿಗಳು ಹಣ ತೆತ್ತು, ಇದ್ದಿಲಿನ ಶುದ್ಧೀಕರಣ ಘಟಕದ ಮೂಲಕ ಆ ಬಾವಿಗಳ ನೀರು ನಗರಕ್ಕೆ ಮರಳುವಷ್ಟರಲ್ಲಿ ಸುಮಾರು 15 ವರ್ಷ ಕಳೆದಿತ್ತು.

ಕಾನೂನೇ ಬೆರೆಸಲು ಹೇಳಿತ್ತೆಂದು ವಾದಿಸುವವರಿದ್ದಾರೆ. ಆಮ್ಲಜನಕವುಳ್ಳ ದ್ರವ್ಯವನ್ನು ಬೆರೆಸಲು ಕಾನೂನು ಹೇಳಿದ್ದು ನಿಜ. ಟ್ಯಾಂಕು ಸೋರಲು ಯಾವ ಕಾನೂನು ಹೇಳಿತ್ತು?

ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮೂಲದಲ್ಲಿ ಇಟ್ಟಿದ್ದಾರೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿದ್ದಾರೆ. ಎಚ್ಚರದಿಂದ ತಪ್ಪಿಸಬಹುದಾಗಿದ್ದ ಸೋರಿಕೆಯನ್ನು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಬರೆಯುವುದು ಖೋಟಾ ಜಮಾಖರ್ಚು.

ನಮ್ಮ ದೇಶದ ಪೆಟ್ರೋಲಿಗೆ ಈಗ ಎಥನಾಲ್ ಬೆರೆಯುತ್ತಿದೆ. ಆದರೂ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ವಿಷ ಎಲ್ಲಿಗೂ ಹೋಗಿಲ್ಲ. ನಮ್ಮವರೂ ಬಂಕುಗಳನ್ನು ನಡೆಸುತ್ತಾರೆ. ಬಂಕಿನಲ್ಲಿ ಅಳತೆಕೋಲು ಇಳಿಸಿ ದಾಸ್ತಾನು ನೋಡುವ ಪದ್ಧತಿಯಿದೆ. ಕೊರತೆ ಬಂದಾಗ "ಆವಿಯಾಯಿತು" ಎಂದು ಬರೆದು ಪುಟ ಮುಗಿಸುವುದು ಸುಲಭ. ಆವಿಯಾದದ್ದೆಷ್ಟು, ಭೂಮಿಗೆ ಇಳಿದದ್ದೆಷ್ಟು? ಬಸದಿಯ ಭೂಮಿಯನ್ನು ಬಂಕಿಗೆ ಗೇಣಿ ಕೊಡುವ ಟ್ರಸ್ಟು, ಟ್ಯಾಂಕಿನ ಪರೀಕ್ಷೆಯನ್ನೂ ಸುತ್ತಲಿನ ಬಾವಿನೀರಿನ ತಪಾಸಣೆಯನ್ನೂ ಕರಾರಿನಲ್ಲೇ ಬರೆಸಲಿ. ಶುದ್ಧ ನೀರಿನ ಘಟಕಕ್ಕೆ ದಾನ ಕೊಟ್ಟು ಫಲಕ ಹಾಕಿಸಲು ಬರುವ ಬಂಕಿನ ಮಾಲೀಕರಿಂದ, ದಾನ ಪಡೆಯುವ ಮುನ್ನ ಆ ದಾಸ್ತಾನು ಪುಸ್ತಕವನ್ನು ತರಿಸಿ ನೋಡಲಿ.