ಸೂಜಿಯ ಗುಣವೋ, ಕಾಲದ ಗುಣವೋ?

ನಿಂತ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ಬಂದು ತಾಗುವುದು ಇಂದಿನ ರಸ್ತೆಗಳಲ್ಲಿ ಅಪರೂಪದ ಸಂಗತಿಯಲ್ಲ. ಇಂಥ ಅಪಘಾತಗಳಲ್ಲಿ ಅನೇಕ ವೇಳೆ ರಕ್ತ ಸುರಿಯುವುದಿಲ್ಲ, ಎಲುಬು ಮುರಿಯುವುದಿಲ್ಲ. ಒಳಗಿದ್ದವರು ‘ದೇವರು ದೊಡ್ಡವನು’ ಎಂದುಕೊಂಡು ಮನೆಗೆ ಹೋಗುತ್ತಾರೆ. ಮರುದಿನ ಬೆಳಗ್ಗೆ ಎದ್ದಾಗ ಕತ್ತು ಹೊರಳಿಸಲಾಗದು. ನೋವು ವಾರಗಟ್ಟಲೆ ಕಾಡುತ್ತದೆ. ಗುಳಿಗೆ, ಎಣ್ಣೆ, ಶಾಖ, ಕೊರಳಪಟ್ಟಿ ಎಲ್ಲವೂ ಆಗುತ್ತವೆ. ಕೊನೆಗೆ ಹಿತೈಷಿಗಳೊಬ್ಬರ ಮಾತಿನಂತೆ ಅಕ್ಯುಪಂಕ್ಚರ್ ಚಿಕಿತ್ಸೆಗೆ ಹೋದರೆ, ಹತ್ತು ಹನ್ನೆರಡು ಸಲ ಸೂಜಿ ಚುಚ್ಚಿಸಿಕೊಳ್ಳುವಷ್ಟರಲ್ಲಿ ನೋವು ಇಳಿದಿರುತ್ತದೆ. ‘ಯಾವ ಔಷಧದಿಂದಲೂ ಆಗದ್ದು ಸೂಜಿಯಿಂದ ಆಯಿತು’ ಎಂದು ಅವರು ಕಂಡಕಂಡವರಿಗೆ ಹೇಳುತ್ತಾರೆ.

ಹೀಗೆ ಹೇಳುವವರು ಸುಳ್ಳಾಡುತ್ತಿಲ್ಲ. ನೋವು ಇದ್ದುದೂ ನಿಜ, ಇಳಿದುದೂ ನಿಜ. ಆದರೆ ‘ಸೂಜಿಯ ಅನಂತರ ಇಳಿಯಿತು’ ಎಂಬುದು ಒಂದು ಮಾತು. ‘ಸೂಜಿಯಿಂದ ಇಳಿಯಿತು’ ಎಂಬುದು ಬೇರೊಂದು ಮಾತು. ಇವೆರಡರ ನಡುವಣ ಅಂತರವನ್ನು ಅಳೆಯುವುದು ಹೇಗೆಂಬುದೇ ಇಲ್ಲಿಯ ವಿಷಯ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೂ ಈ ಪ್ರಶ್ನೆ ಮೂಲತಃ ಅಳತೆಯ ಪ್ರಶ್ನೆಯಾದ್ದರಿಂದ, ಪ್ರಯೋಗಶಾಲೆಯಲ್ಲಿ ಒಮ್ಮೆಯಾದರೂ ಉಪಕರಣ ಹಿಡಿದವರೆಲ್ಲರಿಗೂ ಇದರಲ್ಲಿ ಅಧಿಕಾರವುಂಟೆಂದು ನಾವು ಭಾವಿಸುತ್ತೇವೆ.

ಮೊದಲು ಕತ್ತಿಗೆ ಏನಾಗುತ್ತದೆಂಬುದನ್ನು ನೋಡೋಣ. ಮನುಷ್ಯನ ತಲೆಯ ದ್ರವ್ಯರಾಶಿ ಸುಮಾರು 4.5 ಕಿಲೋಗ್ರಾಂ. ಏಳು ಸಣ್ಣ ಕಶೇರುಮಣಿಗಳು, ಅವುಗಳ ನಡುವಣ ಮೆತ್ತೆಗಳು, ಕೀಲುಗಳು, ಅವನ್ನು ಬಿಗಿದಿರುವ ಸ್ನಾಯುಗಳು ಇವೆಲ್ಲ ಕೂಡಿ ಆ ಭಾರವನ್ನು ಹೊತ್ತಿವೆ. ಹಿಂದಿನಿಂದ ಪೆಟ್ಟು ಬಿದ್ದೊಡನೆ ಕಾರು ಮುಂದಕ್ಕೆ ಚಿಮ್ಮುತ್ತದೆ. ಆಸನದ ಒರಗು ನಮ್ಮ ಮುಂಡವನ್ನು ಮುಂದಕ್ಕೆ ತಳ್ಳುತ್ತದೆ. ತಲೆಯನ್ನು ಮಾತ್ರ ತಳ್ಳುವವರಿಲ್ಲ. ನ್ಯೂಟನ್ನನ ಮೊದಲನೆಯ ನಿಯಮಕ್ಕೆ ವಿಧೇಯವಾಗಿ ಅದು ಇದ್ದಲ್ಲಿಯೇ ಇರಬಯಸುತ್ತದೆ. ತಲೆ ಹಿಂದಕ್ಕೆ ಎಗರಿತೆಂದು ನಮಗೆ ತೋರಿದರೂ ವಾಸ್ತವವಾಗಿ ಮುಂಡವೇ ಅದರ ಅಡಿಯಿಂದ ಮುಂದಕ್ಕೆ ಸರಿದಿರುತ್ತದೆ. ಮೊದಲ ನೂರು ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಕತ್ತಿನ ಕೆಳಭಾಗ ಹಿಂದಕ್ಕೂ ಮೇಲ್ಭಾಗ ಮುಂದಕ್ಕೂ ಬಾಗಿ, ಇಡೀ ಕತ್ತು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಡೊಂಕಾಗುತ್ತದೆ. ಕತ್ತಿನ ಕೀಲುಗಳು ಇಂಥ ಬಾಗುವಿಕೆಗೆಂದು ರಚಿತವಾದವುಗಳಲ್ಲ.

ಇದರ ಬಲವೆಷ್ಟು? ನಿಂತಿದ್ದ ಕಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗವನ್ನು ಪಡೆಯಿತೆಂದು ಇಟ್ಟುಕೊಳ್ಳೋಣ. ಇದು ಸೈಕಲ್ ಸವಾರನ ವೇಗಕ್ಕಿಂತ ಹೆಚ್ಚಲ್ಲ. ಸೆಕೆಂಡಿಗೆ 2.8 ಮೀಟರ್ ಎಂದಾಯಿತು. ವೇಗೋತ್ಕರ್ಷ 28, ಎಂದರೆ ಗುರುತ್ವದ ವೇಗೋತ್ಕರ್ಷದ ಹತ್ತಿರ ಹತ್ತಿರ ಮೂರರಷ್ಟು. ತಲೆಗೂ ಇದೇ ವೇಗೋತ್ಕರ್ಷ ಬರಬೇಕಾದರೆ ಸುಮಾರು 126 ನ್ಯೂಟನ್ ಬಲ ಬೇಕು. ಹದಿಮೂರು ಕಿಲೋಗ್ರಾಂ ಭಾರದ ಮೂಟೆಯ ಎಳೆತಕ್ಕೆ ಇದು ಸಮ. ತಲೆಗೆ ಬೇರೆ ಆಸರೆಯಿಲ್ಲದಿದ್ದರೆ ಈ ಬಲವೆಲ್ಲ ಕತ್ತಿನ ಮೂಲಕವೇ ಬರಬೇಕು. ಸ್ನಾಯುಗಳು ಎಚ್ಚೆತ್ತು ಬಿಗಿಯುವಷ್ಟರಲ್ಲಿ ಕೆಡುಕು ಬಹುಮಟ್ಟಿಗೆ ಮುಗಿದಿರುತ್ತದೆ. ಕಾರಿನ ಹೊರಮೈಗೆ ಸಣ್ಣ ತಗ್ಗು ಬಿದ್ದಿದ್ದರೂ ಒಳಗಿನವರ ಕತ್ತು ನೋಯುವುದು ಇದರಿಂದಲೇ.

1928ರಿಂದೀಚೆಗೆ ಈ ಗಾಯಕ್ಕೆ ‘ವಿಪ್‌ಲ್ಯಾಷ್’ ಎಂಬ ಹೆಸರು ಬಂದಿದೆ; ಚಾವಟಿಯ ಬೀಸು ಎಂದು ಅರ್ಥ. 1995ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ತಜ್ಞರ ಸಮಿತಿಯೊಂದು ಇದನ್ನು ದರ್ಜೆಗಳಾಗಿ ವಿಂಗಡಿಸಿತು. ಒಂದನೆಯ ದರ್ಜೆಯಲ್ಲಿ ಬರಿಯ ನೋವು. ಎರಡನೆಯದರಲ್ಲಿ ಕತ್ತಿನ ಚಲನೆ ಕುಂದುವುದೇ ಮೊದಲಾದ ಚಿಹ್ನೆಗಳು. ಮೂರನೆಯದರಲ್ಲಿ ನರಗಳ ತೊಂದರೆ. ನಾಲ್ಕನೆಯದರಲ್ಲಿ ಎಲುಬಿನ ಮುರಿತ ಅಥವಾ ಕೀಲು ತಪ್ಪುವಿಕೆ. ಮೊದಲೆರಡು ದರ್ಜೆಗಳ ಗಾಯವನ್ನು ಎಕ್ಸ್‌ರೇ ತೋರಿಸದು. ಅನೇಕರಿಗೆ ಕೆಲವು ವಾರಗಳಲ್ಲಿ, ಇಲ್ಲವೆ ಕೆಲವು ತಿಂಗಳುಗಳಲ್ಲಿ, ಏನು ಮಾಡಿದರೂ ಮಾಡದಿದ್ದರೂ ನೋವು ಇಳಿಯುತ್ತದೆ. ಆದರೆ ಸಾಕಷ್ಟು ಮಂದಿಗೆ ವರ್ಷ ಕಳೆದರೂ ಅಷ್ಟಿಷ್ಟು ಉಳಿಯುತ್ತದೆ. ಈ ಮಂದಿಯೇ ಬೇರೆ ಬೇರೆ ಚಿಕಿತ್ಸೆಗಳ ಬಾಗಿಲು ತಟ್ಟುವವರು. ಅವರ ಕಷ್ಟವನ್ನು ಹಗುರವಾಗಿ ಕಾಣುವುದು ತರವಲ್ಲ.

ಇನ್ನು ಸೂಜಿಯ ವಿಚಾರ. ಅಕ್ಯುಪಂಕ್ಚರ್ ಚೀನಾದೇಶದ ಪ್ರಾಚೀನ ವೈದ್ಯಪದ್ಧತಿ. ಶರೀರದಲ್ಲಿ ‘ಚಿ’ ಎಂಬ ಜೀವಶಕ್ತಿಯು ಕೆಲವು ನಾಳಗಳಲ್ಲಿ ಹರಿಯುತ್ತದೆ, ಆ ಹರಿವು ಕೆಟ್ಟಾಗ ರೋಗ ಬರುತ್ತದೆ, ತಕ್ಕ ಸ್ಥಾನದಲ್ಲಿ ಸೂಜಿಯಿಟ್ಟರೆ ಹರಿವು ಸರಿಹೋಗುತ್ತದೆ ಎಂಬುದು ಅದರ ಸಿದ್ಧಾಂತ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಂಥ 361 ಸ್ಥಾನಗಳಿವೆ. ಕತ್ತಿನ ನೋವಿಗೆ ಹೆಚ್ಚಾಗಿ ಬಳಸುವ ‘ಫೆಂಗ್‌ಚಿ’ ಎಂಬುದು ತಲೆಬುರುಡೆಯ ಹಿಂಬದಿಯ ಕೆಳಗೆ, ಕತ್ತಿನ ಎರಡು ಸ್ನಾಯುಗಳ ನಡುವಣ ತಗ್ಗಿನಲ್ಲಿದೆ. ಅಮೆರಿಕದಲ್ಲಿ ಈ ಪದ್ಧತಿ ಮನೆಮಾತಾದುದು 1971ರಲ್ಲಿ. ಆ ವರ್ಷ ಪೀಕಿಂಗಿಗೆ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಅಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಅನಂತರ ಹೊಟ್ಟೆಯುಬ್ಬರದಿಂದ ಸಂಕಟವಾದಾಗ ಮೊಣಕೈಗೂ ಮೊಣಕಾಲುಗಳ ಕೆಳಗೂ ಸೂಜಿ ಹಾಕಿದರು. ಒಂದು ಗಂಟೆಯೊಳಗೆ ಸಂಕಟ ಇಳಿಯಿತೆಂದು ಅವರು ಬರೆದರು. ಸೂಜಿಯಿಂದಲೇ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದರೆಂದು ಸುದ್ದಿ ಬೆಳೆಯಿತು. ವಾಸ್ತವವಾಗಿ ಅರಿವಳಿಕೆಗೆ ಕೊಟ್ಟದ್ದು ಎಂದಿನ ಔಷಧದ ಚುಚ್ಚುಮದ್ದು. ಶಸ್ತ್ರಚಿಕಿತ್ಸೆಯ ಬಳಿಕ ಬರುವ ಉಬ್ಬರವಾದರೋ ಸಾಮಾನ್ಯವಾಗಿ ತಾನಾಗಿಯೇ ಇಳಿಯತಕ್ಕದ್ದು.

ಇಲ್ಲಿಯೇ ಅಳತೆಯ ಪ್ರಶ್ನೆ ಏಳುತ್ತದೆ. ತಂತಿಯ ದಪ್ಪವನ್ನು ಸ್ಕ್ರೂ ಗೇಜಿನಲ್ಲಿ ಅಳೆಯುವ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದೇನು? ತಂತಿಯನ್ನಿಡದೆ ದವಡೆಗಳನ್ನು ಮುಚ್ಚಿ, ಉಪಕರಣ ಏನು ತೋರಿಸುತ್ತದೆಂದು ನೋಡು ಎಂದು. ಏನೂ ಇಲ್ಲದಿರುವಾಗಲೂ ಅದು ಒಂದಿಷ್ಟು ತೋರಿಸಬಹುದು. ಈ ಶೂನ್ಯದೋಷವನ್ನು ಕಳೆಯದೆ ಬರೆದ ಉತ್ತರಕ್ಕೆ ಬೆಲೆಯಿಲ್ಲ. ರೋಗಿಯ ನೋವೆಂಬ ಅಳತೆಗೂ ಶೂನ್ಯದೋಷವುಂಟು. ಅದರಲ್ಲಿ ಮೂರು ಪಾಲು. ಕಾಲ ಕಳೆದಂತೆ ಗಾಯ ತಾನೇ ಮಾಯುವುದು ಒಂದು. ನೋವು ಏರಿಳಿಯುತ್ತಿದ್ದು, ಅದು ತೀರ ಏರಿದ ದಿನವೇ ನಾವು ಚಿಕಿತ್ಸೆಗೆ ಓಡುವುದರಿಂದ, ಮುಂದಿನ ದಿನಗಳು ಹೇಗೂ ಅದಕ್ಕಿಂತ ಮೇಲಾಗಿರುವುದು ಎರಡನೆಯದು. ಎತ್ತರದ ತಂದೆತಾಯಿಗಳ ಮಕ್ಕಳ ವಿಷಯದಲ್ಲಿ 1886ರಲ್ಲಿ ಗಾಲ್ಟನ್ ತೋರಿಸಿದ ಸರಾಸರಿಯತ್ತ ಮರಳುವ ಪ್ರವೃತ್ತಿಯೇ ಇದು. ಗುಣವಾಗುವುದೆಂಬ ಭರವಸೆ, ಚಿಕಿತ್ಸಕರು ಅರ್ಧಗಂಟೆ ಕುಳಿತು ಕೇಳುವ ಸಮಾಧಾನ, ಇವು ಮೂರನೆಯದು.

ಈ ಮೂರನ್ನೂ ಒಟ್ಟಿಗೆ ಕಳೆಯಬೇಕಾದರೆ ಸೂಜಿಯಂತೆ ತೋರುವ, ಆದರೆ ಚುಚ್ಚದ ಸೂಜಿ ಬೇಕು. ಅಂಥದನ್ನು ಜರ್ಮನಿಯ ಸ್ಟ್ರೈಟ್‌ಬರ್ಗರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ನಾಟಕದ ಕಠಾರಿಯಂತೆ ಅದರ ಮೊಂಡು ಅಲಗು ಹಿಡಿಯೊಳಕ್ಕೆ ಸರಿಯುತ್ತದೆ. ರೋಗಿಗೆ ಚುಚ್ಚಿದಂತೆಯೇ ತೋರುತ್ತದೆ. ಹುಸಿ ಸ್ಥಾನದಲ್ಲಿ ಮೇಲುಮೇಲಕ್ಕೆ ಚುಚ್ಚುವುದು ಮತ್ತೊಂದು ಉಪಾಯ. ಈ ಎರಡನೆಯ ಉಪಾಯದಿಂದ ಜರ್ಮನಿಯಲ್ಲಿ ಸೊಂಟದ ಹಳೆಯ ನೋವಿರುವ 1,162 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಹೊರಬಂದಿತು. ನಿಜವಾದ ಅಕ್ಯುಪಂಕ್ಚರಿನಿಂದ ಶೇಕಡಾ 47.6 ಮಂದಿಗೆ, ಹುಸಿ ಚಿಕಿತ್ಸೆಯಿಂದ ಶೇಕಡಾ 44.2 ಮಂದಿಗೆ, ಎಂದಿನ ವೈದ್ಯೋಪಚಾರದಿಂದ ಶೇಕಡಾ 27.4 ಮಂದಿಗೆ ಗುಣ ಕಂಡಿತು. ವಿದ್ಯಾರ್ಥಿಗಳು ಈ ಮೂರು ಸಂಖ್ಯೆಗಳನ್ನು ನಿಧಾನವಾಗಿ ನೋಡಬೇಕು. ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿದವರು ‘ಸೂಜಿ ಗೆದ್ದಿತು’ ಎಂದಾರು. ಮೊದಲನೆಯದನ್ನೂ ಎರಡನೆಯದನ್ನೂ ಹೋಲಿಸಿದವರು ‘ಸ್ಥಾನಗಳ ಶಾಸ್ತ್ರ ಸೋತಿತು’ ಎಂದಾರು. ಇಬ್ಬರೂ ಸರಿಯೇ, ಆದರೆ ಅರ್ಧರ್ಧ ಸರಿ.

ಅಪಘಾತದ ಕತ್ತುನೋವಿನ ಮೇಲೆಯೇ ನಡೆದ ಪರೀಕ್ಷೆಯೊಂದು ಆಸ್ಟ್ರೇಲಿಯದ ಸಿಡ್ನಿಯದು, 2011ರಲ್ಲಿ ಪ್ರಕಟವಾಯಿತು. 124 ರೋಗಿಗಳಲ್ಲಿ ಕೆಲವರಿಗೆ ಸೂಜಿಯ ಮೂಲಕ ಮಂದ ವಿದ್ಯುತ್ತು ಹರಿಸುವ ನಿಜವಾದ ಚಿಕಿತ್ಸೆ, ಉಳಿದವರಿಗೆ ಅದರ ಅನುಕರಣೆ. ಆರು ವಾರಗಳಲ್ಲಿ ಹನ್ನೆರಡು ಸಲ. ನಿಜವಾದ ಚಿಕಿತ್ಸೆ ಪಡೆದವರ ನೋವು ತುಸು ಹೆಚ್ಚು ಇಳಿಯಿತು. ಹತ್ತರ ಅಳತೆಯಲ್ಲಿ ಆ ವ್ಯತ್ಯಾಸ ಸುಮಾರು ಒಂದು ಮಾತ್ರ. ರೋಗಿಯ ಬಾಳಿನಲ್ಲಿ ಅದು ಎದ್ದು ಕಾಣುವಷ್ಟು ದೊಡ್ಡದಲ್ಲವೆಂದು ಪರೀಕ್ಷಕರೇ ತೀರ್ಮಾನಿಸಿದರು. ದಿನನಿತ್ಯದ ಕೆಲಸಗಳನ್ನು ಮಾಡುವ ಶಕ್ತಿಯಲ್ಲಿ ಎರಡು ಗುಂಪುಗಳಿಗೂ ಭೇದ ಕಾಣಲಿಲ್ಲ.

ಹೀಗಿರುವಾಗ ನಮ್ಮ ಅಭಿಪ್ರಾಯವೇನು? ಎರಡು ಪಕ್ಷಗಳೊಡನೆಯೂ ನಮಗೆ ಜಗಳವುಂಟು. ‘ಸಾವಿರಾರು ವರ್ಷಗಳಿಂದ ಬಂದದ್ದು ಸುಳ್ಳಾದೀತೇ’ ಎನ್ನುವವರಿಗೆ ನಮ್ಮ ಉತ್ತರವಿದು: ರಕ್ತ ತೆಗೆಯುವ ಚಿಕಿತ್ಸೆಯೂ ಯೂರೋಪಿನಲ್ಲಿ ಸಾವಿರಾರು ವರ್ಷ ನಡೆಯಿತು, ವಯಸ್ಸು ಪ್ರಮಾಣವಲ್ಲ. ‘ಎಲ್ಲವೂ ಬರಿಯ ಭ್ರಮೆ’ ಎಂದು ನಗುವವರಿಗೂ ಉತ್ತರವುಂಟು: ಹುಸಿ ಸೂಜಿಯಿಂದಲೂ ಅಷ್ಟು ಮಂದಿಯ ನೋವು ಇಳಿಯಿತೆಂದರೆ, ಎಂದಿನ ಉಪಚಾರದಲ್ಲಿ ಏನೋ ಕೊರತೆಯಿದೆಯೆಂದೇ ಅರ್ಥ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳುಹಿಸುವ ವೈದ್ಯರು ಇದನ್ನು ಯೋಚಿಸಬೇಕು. ಸೂಜಿ ಚುಚ್ಚಿದಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚಿ ನೋವನ್ನು ತಗ್ಗಿಸುತ್ತದೆಂದು 2010ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದುವು. ಅಲ್ಪ ಪರಿಣಾಮಕ್ಕೆ ಇದು ವಿವರಣೆಯಾಗಬಹುದು. ‘ಚಿ’ ಎಂಬ ಶಕ್ತಿಗಾಗಲಿ ಅದರ ನಾಳಗಳಿಗಾಗಲಿ ಇದರಿಂದ ಆಧಾರ ಸಿಗುವುದಿಲ್ಲ. ಅಳೆಯಲಾಗದ್ದನ್ನು ಶಕ್ತಿಯೆಂದು ಕರೆದರೆ ಭೌತವಿಜ್ಞಾನ ಒಪ್ಪದು.

ಆದ್ದರಿಂದ ಕತ್ತುನೋವಿನಿಂದ ಬಳಲುವವರು ಸೂಜಿಚಿಕಿತ್ಸೆಗೆ ಹೋಗಲೇಬಾರದೆಂದು ನಾವು ಹೇಳುವುದಿಲ್ಲ. ಕ್ರಮ ತಪ್ಪಬಾರದೆಂದು ಹೇಳುತ್ತೇವೆ. ಮೊದಲು ವೈದ್ಯರ ಪರೀಕ್ಷೆ. ಕೈಕಾಲು ಜೋಮುಗಟ್ಟಿದ್ದರೆ, ವಯಸ್ಸು 65 ದಾಟಿದ್ದರೆ, ಅಪಘಾತ ತೀವ್ರವಾಗಿದ್ದರೆ ಎಲುಬಿನ ಚಿತ್ರ ತೆಗೆಯಲೇಬೇಕೆಂದು ಕೆನಡಾದ ವೈದ್ಯರು 2001ರಲ್ಲಿ ರೂಪಿಸಿದ ನಿಯಮ ಹೇಳುತ್ತದೆ. ಮುರಿದ ಎಲುಬಿನ ಮೇಲೆ ಸೂಜಿಯಿಡುವುದು ಪ್ರಾಣದೊಡನೆ ಆಟ. ಮುರಿತವಿಲ್ಲವೆಂದು ಖಚಿತವಾದ ಮೇಲೆ, ತಿಂಗಳುಗಟ್ಟಲೆ ಕೊರಳಪಟ್ಟಿ ತೊಟ್ಟು ಮಲಗದೆ ಕತ್ತನ್ನು ಮೆಲ್ಲಮೆಲ್ಲನೆ ಆಡಿಸುತ್ತ ಎಂದಿನ ಕೆಲಸಕ್ಕೆ ಮರಳುವುದು ಮುಖ್ಯ ಚಿಕಿತ್ಸೆ. ಅದಕ್ಕೆ ಒತ್ತಾಸೆಯಾಗಿ ಸೂಜಿ ಬೇಕೆನಿಸಿದರೆ, ಒಮ್ಮೆ ಬಳಸಿ ಎಸೆಯುವ ಶುದ್ಧ ಸೂಜಿಯೇ ಆಗಬೇಕು. ತರಬೇತಿಯಿಲ್ಲದವರು ಹೆಗಲ ಬಳಿ ಆಳವಾಗಿ ಚುಚ್ಚಿದರೆ ಶ್ವಾಸಕೋಶದ ತುದಿಗೆ ತಾಗುವ ಅಪಾಯವುಂಟು. ಎಷ್ಟು ಸಲ, ಎಷ್ಟು ಹಣ ಎಂಬುದಕ್ಕೆ ಮೊದಲೇ ಮಿತಿಯಿರಲಿ.

ಇನ್ನೂ ಒಂದು ಮಾತು. ಯಾವ ಸೂಜಿಗಿಂತಲೂ ಕತ್ತಿಗೆ ಹೆಚ್ಚು ಹಿತವಾದ ವಸ್ತು ಕಾರಿನಲ್ಲಿಯೇ ಇದೆ. ಅದು ಹೆಡ್‌ರೆಸ್ಟ್. ಹೆಸರಿನಿಂದಾಗಿ ಅದನ್ನು ಒರಗುವ ದಿಂಬೆಂದು ಜನ ತಿಳಿದಿದ್ದಾರೆ. ಅದರ ನಿಜವಾದ ಕೆಲಸ, ಮುಂಡ ಮುಂದಕ್ಕೆ ಹೋಗುವಾಗ ತಲೆಯನ್ನೂ ಜೊತೆಯಲ್ಲಿಯೇ ತಳ್ಳುವುದು. ನಾವು ಲೆಕ್ಕ ಹಾಕಿದ 126 ನ್ಯೂಟನ್ನುಗಳ ಬಹುಪಾಲನ್ನು ಆಗ ಕತ್ತಿನ ಬದಲು ಅದು ಒದಗಿಸುತ್ತದೆ. 1969ರ ಜನವರಿಯಿಂದ ಅಮೆರಿಕದ ಹೊಸ ಕಾರುಗಳಲ್ಲಿ ಇದು ಕಡ್ಡಾಯವಾಯಿತು. ಆದರೆ ತಗ್ಗಿಸಿಟ್ಟ ಹೆಡ್‌ರೆಸ್ಟಿನಿಂದ ಪ್ರಯೋಜನ ಕಡಮೆ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರುವಂತೆ, ತಲೆಗೆ ಆದಷ್ಟು ಸಮೀಪವಾಗಿರುವಂತೆ ಹೊಂದಿಸಬೇಕು. ಇದಕ್ಕೆ ಅರ್ಧ ನಿಮಿಷ ಸಾಕು. ಖರ್ಚು ಏನೂ ಇಲ್ಲ. ಮನೆಯಲ್ಲಿ ಕಾರಿರುವ ವಿದ್ಯಾರ್ಥಿಗಳು ಇಂದೇ ಇದನ್ನು ನೋಡಿ ಸರಿಪಡಿಸಲಿ.

ಮುಂದೆ ಯಾವ ಚಿಕಿತ್ಸೆಯ ಹೊಗಳಿಕೆ ಕಿವಿಗೆ ಬಿದ್ದರೂ, ಅದು ಪೂರ್ವದೇಶದ್ದಾಗಿರಲಿ ಪಶ್ಚಿಮದೇಶದ್ದಾಗಿರಲಿ, ‘ಯಾವುದಕ್ಕೆ ಹೋಲಿಸಿ?’ ಎಂದು ವಿನಯದಿಂದ ಕೇಳಿರಿ. ಹೇಳಿದವರ ನೋವನ್ನು ನಂಬಿರಿ; ಕಾರಣವನ್ನು ಮಾತ್ರ ಶೂನ್ಯದೋಷ ಕಳೆದ ಮೇಲೆ ಒಪ್ಪಿರಿ.